ಹೊರರಾಜ್ಯದಿಂದ ಬಂದ ಮಗುವಿಗೆ ಶಾಲೆಯಲ್ಲಿ ಜೊತೆಗಾರರಾಗುವುದು ಹೇಗೆ? ತೋರಣಗಲ್ಲಿನಲ್ಲಿ ಕಲಿತಿದ್ದು

ಆ ಹುಡುಗಿ ಬೆನ್ನಿನಿಂದ ಬ್ಯಾಗ್ ಇಳಿಸುತ್ತಲೇ ಇರಲಿಲ್ಲ. ನಾಲ್ಕನೇ ಕ್ಲಾಸು, ಕೊನೆಯ ಸಾಲು. ಬ್ಯಾಗ್ ಹಾಕಿಕೊಂಡೇ ಕೂರುವುದು, ಹಾಕಿಕೊಂಡೇ ಊಟ ಮಾಡುವುದು. ನಾನು ಆಗ ಡಿಗ್ರಿ ಎರಡನೇ ವರ್ಷ. ವಾರಕ್ಕೆ ಎರಡು ದಿನ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರದ ಒಂದು ಸರ್ಕಾರಿ ಶಾಲೆಗೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೂತು ಹಿಂದಿಯಲ್ಲಿ ಕೇಳಿದೆ, 'ನಾಮ್ ಕ್ಯಾ ಹೈ?' ಉತ್ತರ ಇಲ್ಲ. ಇನ್ನೂ ಜೋರಾಗಿ ಕೇಳಿದೆ. ಅವಳು ನೆಲ ನೋಡಿದಳು.

ಮೂರು ವಾರ ಆದಮೇಲೆ ಅವರಪ್ಪ ಶಾಲೆಗೆ ಬಂದಾಗ ಗೊತ್ತಾಯಿತು, ಅವರು ಒಡಿಶಾದವರು. ಮನೆಮಾತು ಒಡಿಯಾ. ಅಪ್ಪನಿಗೆ ಕೆಲಸದ ಜಾಗದಲ್ಲಿ ಹಿಂದಿ ಬಂದಿತ್ತು, ಮಗಳಿಗೆ ಬಂದಿರಲಿಲ್ಲ. ಕನ್ನಡ ಒಂದು ಗೋಡೆ ಆಗಿತ್ತು, ನಾನು ಹೋಗಿ ಇನ್ನೊಂದು ಗೋಡೆ ಕಟ್ಟಿದ್ದೆ. ಬ್ಯಾಗಿನ ಕಥೆ ಇನ್ನೂ ಸರಳ. 'ಎಲ್ಲೂ ಬಿಡಬೇಡ, ಕಳೆದುಹೋಗುತ್ತೆ' ಅಂತ ಅಮ್ಮ ಹೇಳಿ ಕಳಿಸಿದ್ದಳಂತೆ. ಅಷ್ಟೇ. ನಾನು ಹೆದರಿಕೆ, ಮಾನಸಿಕ ಆಘಾತ ಅಂತ ಏನೇನೋ ಲೆಕ್ಕ ಹಾಕಿದ್ದೆ.

ಹೊರರಾಜ್ಯದ ಮಕ್ಕಳಿಗೆ ಶಾಲೆಯಲ್ಲಿ ಜೊತೆಗಾರರಾಗುವ ಈ ಕೆಲಸಕ್ಕೆ ಇಳಿಯುವ ಪಿಯುಸಿ, ಐಟಿಐ, ಡಿಗ್ರಿ ಹುಡುಗ-ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪುಗಳನ್ನು ನೀವೂ ಮೊದಲಿನಿಂದ ಮಾಡುವುದು ಬೇಡ.

ಇಲ್ಲಿಗೆ ಬರುವ ಮಕ್ಕಳು ಯಾರು?

ತೋರಣಗಲ್ಲು, ಕುರೆಕುಪ್ಪ, ವಡ್ಡು ಕಡೆ ಸಂಜೆ ಹೊತ್ತು ಒಂದು ಸುತ್ತು ಹೊಡೆದರೆ ಸಾಕು. ಸ್ಟೀಲ್ ಪ್ಲಾಂಟ್ ಕಾಂಟ್ರಾಕ್ಟ್ ಕೆಲಸಕ್ಕೆ ಬಿಹಾರ, ಜಾರ್ಖಂಡ್, ಒಡಿಶಾ, ಉತ್ತರ ಪ್ರದೇಶ, ಬಂಗಾಳದಿಂದ ಬಂದವರು ಸಿಗುತ್ತಾರೆ. ಒಡಿಶಾ ದಾಟಿ ಬರುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿಯಲ್ಲಿ ನಿಂತಾಗ ಯಾರು ಇಳಿಯುತ್ತಾರೆ ಅಂತ ಒಮ್ಮೆ ನೋಡಿ. ಒಬ್ಬೊಬ್ಬರೇ ಬರುವವರೇ ಜಾಸ್ತಿ. ಆದರೆ ಒಂದೆರಡು ವರ್ಷ ನೆಲೆ ನಿಂತಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುತ್ತಾರೆ. ಕೊಪ್ಪಳದ ಗಿಣಿಗೇರಿ ಕಾರ್ಖಾನೆಗಳ ಸುತ್ತ, ಸಿಂಧನೂರು, ಗಂಗಾವತಿ, ಕಾರಟಗಿಯ ರೈಸ್ ಮಿಲ್‌ಗಳ ಹತ್ತಿರವೂ ಇದೇ ಚಿತ್ರ.

ನಮ್ಮ ಕಡೆಗೆ ಇದೇನೂ ಹೊಸದಲ್ಲ ಬಿಡಿ. ತುಂಗಭದ್ರಾ ಕಾಲುವೆ ನೀರು ಹರಿದ ಮೇಲೆ ಆಂಧ್ರದವರು ಬಂದು ಕ್ಯಾಂಪ್ ಹಾಕಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಆಯಿತು. ಇನ್ನೊಂದು ಕಡೆ ನಮ್ಮದೇ ಜನ ಬೆಂಗಳೂರು, ಪುಣೆ, ಗೋವಾ ಅಂತ ಗುಳೆ ಹೋಗುತ್ತಾರೆ. ದೇವದುರ್ಗದ ಮಗು ಪುಣೆಯ ಶಾಲೆಯಲ್ಲಿ ಮರಾಠಿ ಅರ್ಥವಾಗದೆ ಕೂತಿರುತ್ತದೆ, ಬಿಹಾರದ ಮಗು ಇಲ್ಲಿ ಕೂತಿರುತ್ತದೆ.

ಮೊದಲು ನಿಮ್ಮ ಸಮಯದ ಲೆಕ್ಕ

ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ಗಂಟೆ. ಜೂನ್‌ನಿಂದ ದಸರಾ ರಜೆಯವರೆಗೆ ಬಿಡದೆ ಹೋಗಲು ಆಗುತ್ತದಾ? ಆದರೆ ಮಾತ್ರ ಒಪ್ಪಿಕೊಳ್ಳಿ. ಉತ್ಸಾಹದಲ್ಲಿ ದಿನಾ ಬರ್ತೀನಿ ಎಂದು ಹೇಳಿ, ಮೂರನೇ ವಾರಕ್ಕೆ ಇಂಟರ್ನಲ್ಸ್ ಅಂತ ಮಾಯವಾಗುವವರಿಂದ ಮಗುವಿಗೆ ನಷ್ಟವೇ ಹೆಚ್ಚು. ಮನೆ ಬದಲಾಯಿತು, ಊರು ಬದಲಾಯಿತು, ಈಗ ಅಣ್ಣನೂ ಬರಲಿಲ್ಲ ಅಂತಾಗುತ್ತದೆ.

ಕಾಲೇಜಿನಲ್ಲಿ ಎನ್‌ಎಸ್‌ಎಸ್ ಇದ್ದರೆ ವರ್ಷಕ್ಕೆ 120 ಗಂಟೆ ಸೇವೆಯ ಲೆಕ್ಕ ಇರುತ್ತದೆ. ಇದನ್ನು ಅದರಲ್ಲಿ ಸೇರಿಸಲು ಬರುತ್ತದಾ ಅಂತ ನಿಮ್ಮ ಅಧಿಕಾರಿಯನ್ನು ಕೇಳಿ. ಕಾಲೇಜಿನ ಪತ್ರ ಕೈಯಲ್ಲಿದ್ದರೆ ಶಾಲೆಯ ಬಾಗಿಲೂ ಬೇಗ ತೆರೆಯುತ್ತದೆ.

ಒಬ್ಬರಿಗೆ ಇಬ್ಬರು ಮಕ್ಕಳು, ಹೆಚ್ಚೆಂದರೆ ಮೂವರು. ನಾನು ಒಂದು ವರ್ಷ ಏಳು ಜನರನ್ನು ಹಚ್ಚಿಕೊಂಡು ಯಾರಿಗೂ ಆಗದೆ ಹೋದೆ.

ಶಾಲೆಯ ಒಪ್ಪಿಗೆ

ನೇರ ಕ್ಲಾಸಿಗೆ ಹೋಗಬೇಡಿ. ಮೊದಲು ಮುಖ್ಯೋಪಾಧ್ಯಾಯರು, ಆಮೇಲೆ ಕ್ಲಾಸ್ ಟೀಚರ್. ಅರ್ಜಿ ಬರೆದುಕೊಡಿ: ನಿಮ್ಮ ಹೆಸರು, ಕಾಲೇಜು, ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತೀರಿ, ಏನು ಮಾಡುತ್ತೀರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಒಂದು ಮಾತು ಹಾಕಿ. ಊರಿನ ಶಾಲೆಯಲ್ಲಿ 'ಇವನ್ಯಾರು ದಿನಾ ಬರ್ತಾನಲ್ಲ' ಅನ್ನೋ ಪ್ರಶ್ನೆ ಎದ್ದೇ ಏಳುತ್ತದೆ, ಏಳಬೇಕು ಕೂಡ.

ಕೆಲವು ವಿಷಯದಲ್ಲಿ ರಾಜಿ ಇಲ್ಲ. ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂರಬೇಡಿ. ವರಾಂಡ ಅಥವಾ ಮರದ ಕೆಳಗೆ, ನಾಲ್ಕು ಜನರಿಗೆ ಕಾಣುವಂತೆ ಕೂರಿ. ಬೈಕ್ ಮೇಲೆ ಮನೆಗೆ ಬಿಡುವುದು, ಒಬ್ಬರೇ ಪೇಟೆಗೆ ಕರೆದೊಯ್ಯುವುದು ಬೇಡ. ಫೋಟೊ ತೆಗೆದು ವಾಟ್ಸ್‌ಆಪ್ ಸ್ಟೇಟಸ್ ಹಾಕಿಕೊಳ್ಳುವುದಂತೂ ಬೇಡವೇ ಬೇಡ. ಮಗು ಹೊಡೆತದ ಬಗ್ಗೆ, ಮುಟ್ಟಬಾರದ ಕಡೆ ಯಾರೋ ಮುಟ್ಟಿದ ಬಗ್ಗೆ ಹೇಳಿದರೆ 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. ಮುಖ್ಯೋಪಾಧ್ಯಾಯರಿಗೆ ಅವತ್ತೇ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ನೀವೇ ಪತ್ತೇದಾರಿ ಕೆಲಸಕ್ಕೆ ಇಳಿಯಬೇಡಿ.

ಮನೆಮಾತು ಯಾವುದು ಅಂತ ಕೇಳಿ

ನನ್ನ ಮೂರು ವಾರ ಹಾಳಾಗಿದ್ದು ಇಲ್ಲೇ. ಬಿಹಾರದಿಂದ ಬಂದ ಮಗುವಿನ ಮನೆಯಲ್ಲಿ ಭೋಜ್‌ಪುರಿಯೋ ಮೈಥಿಲಿಯೋ ಇರಬಹುದು. ಜಾರ್ಖಂಡದ ಮನೆಯಲ್ಲಿ ಸಂತಾಲಿ ಇರಬಹುದು, ಅದು ಹಿಂದಿಯ ನೆಂಟನೂ ಅಲ್ಲ. 'ನಾರ್ತ್‌ನವರು, ಹಿಂದಿ ಬರುತ್ತೆ' ಎಂದು ಅಂದುಕೊಂಡು ಹೋಗಬೇಡಿ. ಅಪ್ಪ ಅಮ್ಮನನ್ನು ಕೇಳಿ: ಮನೆಯಲ್ಲಿ ಯಾವ ಮಾತು, ಊರಲ್ಲಿ ಎಷ್ಟನೇ ಕ್ಲಾಸು ಓದಿದ್ದಾನೆ, ಯಾವ ಲಿಪಿ ಓದುತ್ತಾನೆ. ಒಂದು ಮಾತಾದರೂ ಅವರ ಭಾಷೆಯಲ್ಲಿ ಕಲಿತು ಹೋಗಿ. ಹೆಸರು ಕೇಳಲು ಒಡಿಯಾದಲ್ಲಿ 'ತುಮೊ ನಾ ಕೊಣೊ?', ಬಂಗಾಳಿಯಲ್ಲಿ 'ತೋಮಾರ್ ನಾಮ್ ಕೀ?' ನಿಮ್ಮ ಉಚ್ಚಾರ ಕೇಳಿ ಮಗು ನಕ್ಕರೆ ಅರ್ಧ ಕೆಲಸ ಆದಂಗೆ.

ನಮ್ಮ ಆ ಹುಡುಗಿ ನಕ್ಕಿದ್ದು ಮಂಡಕ್ಕಿಗೆ. ಒಂದು ಶನಿವಾರ ಶಾಲೆ ಬಿಟ್ಟಮೇಲೆ ಟೀಚರ್ ಒಬ್ಬರು ವಗ್ಗಾಣಿ (ಮಂಡಕ್ಕಿ ಒಗ್ಗರಣೆ) ಮಿರ್ಚಿ ತರಿಸಿದ್ದರು. ಪೊಟ್ಟಣ ಬಿಚ್ಚಿದ ಕೂಡಲೇ ಅವಳು 'ಮುಢಿ!' ಅಂದಳು. ಅವರ ಕಡೆ ಮಂಡಕ್ಕಿಗೆ ಮುಢಿ ಅಂತಾರೆ. ಪಕ್ಕದ ಹುಡುಗ ಅಂದ, 'ಮುಢಿ ಅಲ್ಲಲೇ, ಮಂಡಕ್ಕಿ.' ಅವಳು 'ಮಂಡಕ್ಕಿ' ಅಂದಳು. ಅವನು 'ಮುಢಿ' ಅಂದ. ಹತ್ತು ನಿಮಿಷ ಇದೇ ನಡೆಯಿತು. ಅವತ್ತು ಬ್ಯಾಗ್ ಗೋಡೆಗೆ ಒರಗಿ ನಿಂತಿತ್ತು.

ಮೊದಲ ಎರಡು ವಾರ ಪಾಠ ಮುಟ್ಟಬೇಡಿ

ಎಲ್ಲರೂ ಅಆಇಈ ಪುಸ್ತಕ ಹಿಡಿದು ಹೋಗುತ್ತಾರೆ. ನಾನೂ ಹೋಗಿದ್ದೆ. ಆದರೆ ಹೊಸ ಮಗುವಿನ ಕಷ್ಟ ಅಕ್ಷರದಲ್ಲಿಲ್ಲ, ಬೆಲ್ ಹೊಡೆದಮೇಲೆ ಶುರುವಾಗುತ್ತದೆ. ಶೌಚಾಲಯ ಎಲ್ಲಿದೆ, ಕೀಲಿ ಯಾರ ಹತ್ತಿರ ಇರುತ್ತೆ? ಕುಡಿಯುವ ನೀರಿನ ನಲ್ಲಿ ಯಾವುದು, ಕೈತೊಳೆಯುವುದು ಯಾವುದು? ತಟ್ಟೆ ಮನೆಯಿಂದ ತರಬೇಕಾ? ಇದನ್ನೆಲ್ಲ ಒಂದು ದಿನ ಕೈಹಿಡಿದು ತೋರಿಸಿ. ಮಾರನೇ ದಿನ ಮಗುವೇ ನಿಮಗೆ ತೋರಿಸಲಿ.

ಬಿಸಿಯೂಟದ ಸಾಲಿನಲ್ಲಿ ಜೊತೆಗೆ ಕೂರಿ. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ; ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಅದರಲ್ಲಿದ್ದವು. ನಮಗೆ ಆ ಸಾಲು ಅಷ್ಟು ರೂಢಿ. ಹೊರಗಿನಿಂದ ಬಂದ ಮಗುವಿಗೆ ಅಲ್ಲಿ ಕೂಗುವ ಒಂದೊಂದು ಮಾತೂ ಹೊಸದು. 'ಮೊಟ್ಟೆ ಯಾರಿಗೆ? ಬಾಳೆಹಣ್ಣು ಯಾರಿಗೆ?' ಅಂತ ಕೇಳುತ್ತಾರೆ, ಉಳಿದವರು ಕೈ ಎತ್ತುತ್ತಾರೆ. ನಾನು ಕಂಡ ಒಬ್ಬ ಹುಡುಗ ಎರಡಕ್ಕೂ ಕೈ ಎತ್ತುತ್ತಿರಲಿಲ್ಲ. ಅವನಿಗೆ ಯಾವುದೂ ಬೇಡವೇನೋ ಅಂತ ಬಡಿಸುವವರು ಮುಂದೆ ಹೋಗುತ್ತಿದ್ದರು. ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಈ ಎರಡು ವಾರದಲ್ಲಿ ಕಲಿಸಬೇಕಾದ ಕನ್ನಡ ಇಷ್ಟೇ, ಅದೂ ನಮ್ಮ ಆಡುಮಾತಿನಲ್ಲಿ:

- ಮಿಸ್, ಬಾತ್‌ರೂಮಿಗೆ ಹೋಗ್ಲಿ?
- ನೀರ್ ಕುಡ್ಯಾಕ ಹೋಗ್ಲಿ?
- ತಿಳೀಲಿಲ್ಲರಿ, ಇನ್ನೊಂದ್ಸಲ ಹೇಳ್ರಿ.
- ನಂಗೂ ಬೇಕು.
- ಹೊಡೀಬ್ಯಾಡ.
- ನಾನೂ ಆಡ್ತೀನಿ.

ಕೊನೆಯ ಎರಡು ಮೊದಲು ಕಲಿಸಿದರೂ ತಪ್ಪಿಲ್ಲ. ಪುಸ್ತಕದಲ್ಲಿ 'ನಾನು ನೀರು ಕುಡಿಯಲು ಹೋಗಬಹುದೇ?' ಅಂತ ಇರುತ್ತದೆ. ಬಳ್ಳಾರಿ ಶಾಲೆಯ ಅಂಗಳದಲ್ಲಿ ಹಾಗೆ ಮಾತಾಡಿದರೆ ಮಕ್ಕಳು ನಗುತ್ತಾರೆ. ಹೊಸ ಮಗು ಎರಡು ಕನ್ನಡ ಕಲಿಯಬೇಕು, ಆಟದ್ದು ಮತ್ತು ಪುಸ್ತಕದ್ದು. ಆಟದ್ದು ಮೊದಲು ಬರಲಿ.

ಬೆಂಚಿನ ಗೆಳೆಯನನ್ನು ಹುಡುಕಿ

ನನ್ನ ಎರಡನೇ ದೊಡ್ಡ ತಪ್ಪು ಇದು. ಬಿಹಾರದ ಒಬ್ಬ ಹುಡುಗನಿಗೆ ನಾನೇ ಬಾಯಿ ಆಗಿಬಿಟ್ಟಿದ್ದೆ. ಟೀಚರ್ ಏನು ಕೇಳಿದರೂ ಅವನು ನನ್ನ ಮುಖ ನೋಡುವುದು, ನಾನು ಹಿಂದಿಯಲ್ಲಿ ಹೇಳುವುದು, ಅವನ ಉತ್ತರ ನಾನೇ ಕನ್ನಡಕ್ಕೆ ತಿರುಗಿಸುವುದು. ಎಲ್ಲರೂ ಖುಷಿ. ನನಗೆ ಪರೀಕ್ಷೆ ಬಂತು, ಒಂದು ತಿಂಗಳು ಹೋಗಲಿಲ್ಲ. ಅವನೂ ಶಾಲೆ ಬಿಟ್ಟ. ಮತ್ತೆ ಕರೆತರಲು ಎರಡು ತಿಂಗಳು ಹಿಡಿಯಿತು.

ಆಮೇಲಿಂದ ಒಂದು ಲೆಕ್ಕ ಇಟ್ಟುಕೊಂಡೆ. ನಾಲ್ಕನೇ ವಾರದ ಹೊತ್ತಿಗೆ ನಾನು ಮಾಡುವ ಕೆಲಸದಲ್ಲಿ ಅರ್ಧ ಅದೇ ಕ್ಲಾಸಿನ ಮಗುವಿನ ಕೈಗೆ ಹೋಗಿರಬೇಕು. ಕಾಲೇಜಿನಿಂದ ಬರುವ ನಾವು ಎಷ್ಟೇ ಅಣ್ಣ ಅಕ್ಕ ಆದರೂ ಬೆಂಚಿನ ಮೇಲೆ ಪಕ್ಕ ಕೂರುವವರಲ್ಲ.

ಯಾರನ್ನು ಆರಿಸಬೇಕು? ಟೀಚರ್ ಸಾಮಾನ್ಯವಾಗಿ ಕ್ಲಾಸಿನ ಫಸ್ಟ್ ಬರುವ ಹುಡುಗಿಯನ್ನು ಕೊಡುತ್ತಾರೆ. ಅವಳು ಒಳ್ಳೆಯವಳೇ, ಆದರೆ ಎಲ್ಲದಕ್ಕೂ ತಾನೇ ಉತ್ತರ ಹೇಳಿಬಿಡುತ್ತಾಳೆ. ನನ್ನ ಅನುಭವದಲ್ಲಿ ಮಾತಿನ ಮಲ್ಲರು, ಸ್ವಲ್ಪ ತುಂಟರು ವಾಸಿ. ಇನ್ನೂ ಒಳ್ಳೆಯದು, ಮನೆಯಲ್ಲಿ ನಮ್ಮ ಕಡೆಯ ಉರ್ದು ಆಡುವ ಮಕ್ಕಳು. ಅವರ ದಖನಿಗೂ ಹೊಸ ಮಗುವಿನ ಹಿಂದಿಗೂ ಸುಲಭವಾಗಿ ಸೇತುವೆ ಬೀಳುತ್ತದೆ. ಇವನು 'ನಕ್ಕೋ' (ಬೇಡ) ಅಂದರೆ ಅವನು ಮೊದಲು ಕಕ್ಕಾಬಿಕ್ಕಿ, ಮೂರನೇ ದಿನ ಅವನೂ 'ನಕ್ಕೋ' ಅನ್ನುತ್ತಾನೆ. ಬಳ್ಳಾರಿಯ ಮಕ್ಕಳು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಗೆಳೆಯರ ಜೊತೆ ಉರ್ದು ಅಂತ ಬೆಳೆದವರು. ಭಾಷೆ ಬದಲಿಸುವುದನ್ನು ಅವರಿಗೆ ನಾವೇನೂ ಹೇಳಿಕೊಡಬೇಕಿಲ್ಲ.

ಕೊಡು-ಕೊಳ್ಳು ಇರಲಿ. ಆರನೇ ಕ್ಲಾಸಿನಿಂದ ಹಿಂದಿ ಮೂರನೇ ಭಾಷೆಯಾಗಿ ಇರುತ್ತದೆ, ನಮ್ಮ ಹುಡುಗರು 'ಕಾ, ಕೀ, ಕೇ' ಎಲ್ಲಿ ಹಾಕಬೇಕು ಅಂತ ತಲೆ ಕೆರೆದುಕೊಳ್ಳುತ್ತಾರೆ. ಹಿಂದಿ ಬಲ್ಲ ಹೊಸ ಹುಡುಗನಿಗೆ ಆ ಪೀರಿಯಡ್‌ನಲ್ಲಿ ಎದ್ದು ಓದಲು ಹೇಳಿ ಅಂತ ಟೀಚರನ್ನು ಕೇಳಿಕೊಳ್ಳಿ. ದಿನವಿಡೀ ದಡ್ಡನಂತೆ ಕೂತವನು ನಲವತ್ತು ನಿಮಿಷ ಕ್ಲಾಸಿಗೇ ಜಾಣ.

'ಏ ಬಿಹಾರಿ' ಅಂತ ಕರೆಯುವುದು ಇದ್ದೇ ಇರುತ್ತದೆ. ಭಾಷಣ ಮಾಡಿ ನಿಲ್ಲಿಸಲು ಆಗುವುದಿಲ್ಲ, ನಾನು ಮಾಡಿ ನೋಡಿದ್ದೇನೆ. ಆಟಕ್ಕೆ ಸೇರಿಸಿ. ಕಬಡ್ಡಿಗೆ ಭಾಷೆ ಬೇಕಿಲ್ಲ. ರೇಡ್ ಹೋಗಿ ಇಬ್ಬರನ್ನು ಔಟ್ ಮಾಡಿ ಬಂದವನನ್ನು ತಂಡದವರು ಹೆಸರು ಹಿಡಿದೇ ಕೂಗುತ್ತಾರೆ.

ಕನ್ನಡ ಅಕ್ಷರ: ಎಲ್ಲಿ ಸುಲಭ, ಎಲ್ಲಿ ತೊಡಕು

ಮೂರನೇ ವಾರದಿಂದ ಅಕ್ಷರ ಶುರು ಮಾಡಿ. ಮಗುವಿಗೆ ತನ್ನ ಲಿಪಿ ಓದಲು ಬಂದರೆ ನಿಮ್ಮ ಕೆಲಸ ಅರ್ಧಕ್ಕರ್ಧ ಕಡಿಮೆ. ಹಿಂದಿ, ಒಡಿಯಾ, ಬಂಗಾಳಿ ಎಲ್ಲದರಲ್ಲೂ ಕ ಖ ಗ ಘ ಸಾಲು ನಮ್ಮದೇ. ಒಂದು ಹಾಳೆಯಲ್ಲಿ ಅವರ ಅಕ್ಷರ ಒಂದು ಕಡೆ, ಕನ್ನಡದ್ದು ಎದುರಿಗೆ ಬರೆಸಿ. ತನ್ನ ಊರಿನ ಲಿಪಿಯನ್ನು ಮಗುವೇ ಬರೆಯಲಿ. ಯಾವ ಲಿಪಿಯೂ ಬಾರದ ಮಗು ಆದರೆ ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳಲ್ಲಿ ಬಳಸುವ ನಲಿ-ಕಲಿ ಕಾರ್ಡ್‌ಗಳಿಂದ ಹೊಸದಾಗಿಯೇ ಹೋಗಬೇಕು, ಅವಸರ ಬೇಡ.

ತೊಡಕುಗಳು ಗೊತ್ತಿದ್ದರೆ ಸುಮ್ನೆ ಬೈಯುವುದು ತಪ್ಪುತ್ತದೆ. ಹಿಂದಿಯವರು ಪದದ ಕೊನೆಯ ಅಕಾರ ನುಂಗುತ್ತಾರೆ: 'ಕಮಲ' ಹೋಗಿ 'ಕಮಲ್'. ಒಡಿಯಾ ಮಗು ಅದನ್ನೇ 'ಕೊಮೊಲೊ' ಥರ ಓದುತ್ತದೆ. ಅವರ ಭಾಷೆಯಲ್ಲಿ ಅಕಾರದ ಸದ್ದೇ ಹಾಗೆ, ಇದು ದಡ್ಡತನ ಅಲ್ಲ. ಎ-ಏ, ಒ-ಓ ವ್ಯತ್ಯಾಸ ಆ ಭಾಷೆಗಳಲ್ಲಿ ನಮ್ಮ ಹಾಗೆ ಇಲ್ಲ. 'ಬೆಳೆ'ಯೂ 'ಬೇಳೆ'ಯೂ ಅವರ ಕಿವಿಗೆ ಒಂದೇ. ಹೊಲದ ಬೆಳೆ ತೋರಿಸಿ, ಸಾರಿನ ಬೇಳೆ ತೋರಿಸಿ, ಕೈಚಾಚಿ ಉದ್ದ ತೋರಿಸಿ. ಳ ಅಕ್ಷರ ಹಿಂದಿಯವರಿಗೆ ಕಷ್ಟ, ನಮ್ಮೂರು 'ಬಲ್ಲಾರಿ' ಆಗುತ್ತದೆ, ಹಾಳು ಹಾಲಾಗುತ್ತದೆ. ಒಡಿಯಾದವರಿಗೆ ಳ ಇದೆ. ಆ ಹುಡುಗಿ 'ಬಳ್ಳಾರಿ' ಎಂದಾಗ ಕ್ಲಾಸಿನ ಹಿಂದಿ ಹುಡುಗರೆಲ್ಲ ಅವಳ ಬಾಯಿ ನೋಡಿದರು.

ಒತ್ತಕ್ಷರ ಇನ್ನೊಂದು ಗಂಟು. ಹಿಂದಿಯ ನಾಗರಿ ಲಿಪಿಯಲ್ಲಿ ಮೊದಲ ಅಕ್ಷರ ಅರ್ಧ ಆಗುತ್ತದೆ, ಕನ್ನಡದಲ್ಲಿ ಎರಡನೆಯದು ಕೆಳಗೆ ಇಳಿಯುತ್ತದೆ. ಹಾಗಾಗಿ 'ಪುಸ್ತಕ' ಬರೆಯುವಾಗ ಕೆಲವರು ತ ಮೇಲೆ, ಸ ಕೆಳಗೆ ಹಾಕುತ್ತಾರೆ. 'ಮೊದಲು ಕೇಳಿದ ಸದ್ದು ಮೇಲೆ, ಆಮೇಲೆ ಕೇಳಿದ್ದು ಕೆಳಗೆ' ಎಂದು ಹೇಳಿಕೊಟ್ಟರೆ ಒಂದೇ ದಿನಕ್ಕೆ ಹಿಡಿಯುತ್ತಾರೆ.

ಲೆಕ್ಕದಲ್ಲಿ ಮಾತ್ರ ಕನ್ನಡ ಅವರಿಗೆ ಉಪಕಾರ ಮಾಡುತ್ತದೆ. ಹಿಂದಿಯಲ್ಲಿ 'ಪಚ್ಚೀಸ್' ಅಂದರೆ ಐದು ಮೊದಲು, ಇಪ್ಪತ್ತು ಆಮೇಲೆ, ಅದೂ ಕಲಸಿ ಹೋಗಿದೆ. ನೂರರವರೆಗೆ ಬಾಯಿಪಾಠವೇ ಗತಿ. 'ಇಪ್ಪತ್ತೈದು' ಹೇಳಿದಂತೆ ಬರೆದರೆ ಆಯಿತು. ಮೊದಲು ಗೆಲ್ಲುವ ಜಾಗ ಬೇಕು ಅಲ್ವಾ, ಅಂಕಿಯಿಂದ ಶುರು ಮಾಡಿ.

ಎಂಟು, ಒಂಬತ್ತನೇ ಕ್ಲಾಸಿಗೆ ಬಂದು ಸೇರಿದವರ ದಾರಿ ಕಠಿಣ. ಎಸ್ಸೆಸ್ಸೆಲ್ಸಿ ತಲೆ ಮೇಲೆ ನಿಂತಿರುತ್ತದೆ. ಭಾಷೆಗಳ ಆಯ್ಕೆಯಲ್ಲಿ ಏನಾದರೂ ದಾರಿ ಇದೆಯಾ ಅಂತ ಮುಖ್ಯೋಪಾಧ್ಯಾಯರನ್ನು ಮೊದಲ ತಿಂಗಳಲ್ಲೇ ಕೇಳಿ. ಎಲ್ಲ ಶಾಲೆಯಲ್ಲೂ ಎಲ್ಲ ಆಯ್ಕೆ ಇರುವುದಿಲ್ಲ.

ಕಾಗದಪತ್ರ

ಒಂದು ಶಾಲೆಯಲ್ಲಿ 'ಟಿಸಿ ತಗೊಂಡು ಬಾ, ಆಮೇಲೆ ನೋಡೋಣ' ಅಂದರು. ಟಿಸಿ ಇದ್ದದ್ದು ಎರಡು ದಿನದ ರೈಲು ದಾರಿಯಾಚೆ. ಅಪ್ಪ ಹೋಗಿ ಬಂದರೆ ವಾರದ ಕೂಲಿ ಖೋತಾ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಮಾತು ಇಲ್ಲಿ ಸ್ಪಷ್ಟ. 2009ರ ಈ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, 6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಸಂಬಂಧಿಸಿದ್ದು. ಸೆಕ್ಷನ್ 5ರ ಪ್ರಕಾರ ಟಿಸಿ ತಡವಾಯಿತು ಎಂದು ಪ್ರವೇಶ ನಿಲ್ಲಿಸುವ ಹಾಗಿಲ್ಲ. ಸೆಕ್ಷನ್ 14ರ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಎಂದೂ ಬೇಡ ಅನ್ನುವಂತಿಲ್ಲ. ಸೆಕ್ಷನ್ 4ರಲ್ಲಿ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಎಂದಿದೆ. ಕನ್ನಡ ಬರಲ್ಲ ಅಂತ ಹನ್ನೊಂದು ವರ್ಷದವನನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಬೇಕಿಲ್ಲ. ಆಧಾರ್ ಇಲ್ಲದ್ದಕ್ಕೆ ಮಗುವಿಗೆ ಸೌಲಭ್ಯ ತಪ್ಪಬಾರದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಇದನ್ನೆಲ್ಲ ಮೇಜು ಕುಟ್ಟಿ ಹೇಳಬೇಡಿ. ಮುಖ್ಯೋಪಾಧ್ಯಾಯರಿಗೆ ನೂರೆಂಟು ಕೆಲಸ. ಸೆಕ್ಷನ್‌ನ ಒಂದು ಪ್ರಿಂಟ್ ಕೊಟ್ಟು 'ಸರ್, ಹೀಗಂತೆ, ನೋಡಿ' ಅಂದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಆಗದಿದ್ದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ.

ಹೆಸರಿನ ಕಡೆ ಕಣ್ಣಿಡಿ. ಬಂಗಾಳದ 'ಬಿಕಾಶ್' ನಮ್ಮ ರಿಜಿಸ್ಟರಿನಲ್ಲಿ 'ವಿಕಾಸ್' ಆಗಿಬಿಡುತ್ತಾನೆ. ಆಧಾರ್‌ನಲ್ಲಿ ಒಂದು, ಸ್ಯಾಟ್ಸ್‌ನಲ್ಲಿ (ರಾಜ್ಯದ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ಒಂದು. ಮುಂದೆ ಸ್ಕಾಲರ್‌ಶಿಪ್, ಬ್ಯಾಂಕ್ ಖಾತೆ, ಮಾರ್ಕ್ಸ್ ಕಾರ್ಡ್ ಎಲ್ಲ ಕಡೆ ಅಲೆದಾಟ. ಸೇರಿಸುವ ದಿನವೇ ಅಕ್ಷರ ಅಕ್ಷರ ತಾಳೆ ನೋಡಿ.

ಮನೆ ಕಡೆ

ಕ್ಲಾಸ್ ಟೀಚರ್ ಜೊತೆಗೇ ಹೋಗಿ. ಶಿಫ್ಟ್ ಕೇಳಿಕೊಂಡು ಹೋಗಿ. ನೈಟ್ ಶಿಫ್ಟ್ ಮುಗಿಸಿ ಮಲಗಿದವರ ಬಾಗಿಲನ್ನು ಬೆಳಿಗ್ಗೆ ಹತ್ತಕ್ಕೆ ಬಡಿದು ನಾನು ಒಳ್ಳೆ ಹೆಸರು ತೆಗೆದುಕೊಂಡಿದ್ದೇನೆ. ಅಮ್ಮನ ಜೊತೆ ಮಾತಾಡುವುದು ಮುಖ್ಯ, ಹಾಗಾಗಿ ತಂಡದಲ್ಲಿ ಒಬ್ಬ ಹುಡುಗಿ ಇರಲಿ.

ಮಗು ಬರದಿದ್ದರೆ ಕಾರಣ ಕೇಳದೆ ಸೋಮಾರಿ ಅನ್ನಬೇಡಿ. ದೀಪಾವಳಿ ಆದ ಆರನೇ ದಿನ ಛಠ್, ಬಿಹಾರದವರಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ, ಊರಿಗೆ ಹೋದರೆ ತಿಂಗಳು. ಹೋಗುವ ಮೊದಲೇ ಬರುವ ದಿನ ಕೇಳಿ ಟೀಚರ್‌ಗೆ ತಿಳಿಸಿದರೆ ಹೆಸರು ಉಳಿಯುತ್ತದೆ. ಹುಡುಗಿಯರು ವಾರಗಟ್ಟಲೆ ಬರದಿದ್ದರೆ ಮನೆಯಲ್ಲಿ ಚಿಕ್ಕ ಮಗು ಇದೆಯಾ ನೋಡಿ. ಮೂರು ವರ್ಷ ದಾಟಿದ್ದರೆ ಅದನ್ನು ಅಂಗನವಾಡಿಗೆ ಸೇರಿಸಿ, ಅಕ್ಕ ತಾನಾಗಿ ಶಾಲೆಗೆ ಬರುತ್ತಾಳೆ. ನಾನು ಬೇರೆ ಏನೇ ಮಾಡಿದ್ದರೂ ಇದರಷ್ಟು ಕೆಲಸ ಮಾಡಿಲ್ಲ. 14ರೊಳಗಿನ ಮಗು ಗ್ಯಾರೇಜಿನಲ್ಲೋ ಹೋಟೆಲಿನಲ್ಲೋ ಕಂಡರೆ ಅದು ಬೇರೆ ವಿಷಯ, 1098.

ಹೇಳದೆ ಹೊರಟಾಗ

ಕಾಂಟ್ರಾಕ್ಟ್ ಮುಗಿಯುತ್ತದೆ, ರಾತ್ರೋರಾತ್ರಿ ಸಾಮಾನು ಕಟ್ಟುತ್ತಾರೆ. ಸೋಮವಾರ ಹೋದರೆ ಬೆಂಚು ಖಾಲಿ. ನನಗೆ ಮೊದಲ ಸಲ ತುಂಬ ಬೇಜಾರಾಗಿತ್ತು, ಈಗ ಅದಕ್ಕೆ ಮೊದಲೇ ತಯಾರಿ ಮಾಡಿಕೊಳ್ಳುತ್ತೇನೆ. ಪರಿಚಯವಾದ ಮೊದಲ ತಿಂಗಳಲ್ಲೇ ಮನೆಯವರಿಗೆ ಹೇಳಿಡಿ: ಹೊರಡುವ ಮುನ್ನ ಅರ್ಧ ದಿನ ಶಾಲೆಗೆ ಬನ್ನಿ, ಟಿಸಿ ಕೇಳಿ, ಅದನ್ನು ತಡಮಾಡದೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ.

ಒಂದು ಪ್ಲಾಸ್ಟಿಕ್ ಕವರ್ ಮಾಡಿಕೊಡಿ. ಅದರಲ್ಲಿ ಆಧಾರ್ ಜೆರಾಕ್ಸ್, ಸ್ಯಾಟ್ಸ್ ನಂಬರ್, ದೇಶದ ಯಾವ ಶಾಲೆಯಲ್ಲೂ ನಡೆಯುವ ಪೆನ್ ನಂಬರ್ (ವಿದ್ಯಾರ್ಥಿಯ ಕಾಯಂ ಶಿಕ್ಷಣ ಸಂಖ್ಯೆ), ಟಿಸಿ ಇಡಲು ಜಾಗ, ಶಾಲೆಯ ಫೋನ್ ನಂಬರ್. ಜೊತೆಗೆ ಒಂದು ಹಾಳೆಯಲ್ಲಿ ಮಗು ಇಲ್ಲಿ ಏನು ಕಲಿತಿದೆ ಅಂತ ಟೀಚರ್ ಕೈಲಿ ನಾಲ್ಕು ಸಾಲು ಬರೆಸಿ, ಮುಂದಿನ ಶಾಲೆಯವರಿಗೆ. ಆ ಒಡಿಯಾ ಹುಡುಗಿ ಹೊರಟಾಗ ಕವರ್ ಅವಳ ಬ್ಯಾಗಿನಲ್ಲೇ ಇತ್ತು. ಹಾಳೆಯ ಹಿಂದೆ ಅವಳ ಬೆಂಚಿನ ಹುಡುಗ ತನ್ನ ಮನೆಯ ನಂಬರ್ ಬರೆದಿದ್ದ. ಅದರ ಕೆಳಗೆ ದೊಡ್ಡಕ್ಷರದಲ್ಲಿ, ಒತ್ತಕ್ಷರ ಸರಿಯಾಗಿ ಹಾಕಿ, ಅವಳದೇ ಕೈಬರಹ: ಮಂಡಕ್ಕಿ.